ಕ್ಷಮಿಸುವುದು ಬೇರೆ, ಸೈನ್ ಹಾಕುವುದು ಬೇರೆ

ಪ್ರಶ್ನೆ: ನನಗೆ 46 ವರ್ಷ. ತವರು ಉಡುಪಿ ಹತ್ತಿರ, ಮದುವೆಯಾಗಿ ಬಂದದ್ದು ಶಿವಮೊಗ್ಗಕ್ಕೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯವರು. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅವರ ಹೆಸರಿನಲ್ಲಿ 22 ಸೆಂಟ್ಸ್ ಜಾಗ, ಅದರಲ್ಲಿ ಒಂದು ಹಂಚಿನ ಮನೆ ಇದೆ. ಅಮ್ಮ, ತಮ್ಮ, ನಾನು, ಇಷ್ಟೇ ಜನ. ಅಪ್ಪನ ಡಯಾಲಿಸಿಸ್‌ಗೆ ಓಡಾಡಿದ್ದು ತಮ್ಮನೇ. ಈಗ ಅವನು ಹಕ್ಕು ಖುಲಾಸೆ ಪತ್ರ ಬರೆಸಿ ಇಟ್ಟಿದ್ದಾನೆ. ಅಮ್ಮ ಮತ್ತು ನಾನು ಸೈನ್ ಹಾಕಿದರೆ ಎಲ್ಲ ಅವನ ಹೆಸರಿಗೆ ಆಗುತ್ತದೆ. "ನಿನ್ನ ಮದುವೆಗೆ ಚಿನ್ನ, ಖರ್ಚು ಎಲ್ಲ ಆಗಿದೆಯಲ್ಲ ಅಕ್ಕ" ಅನ್ನುತ್ತಾನೆ. ಯೋಚನೆ ಮಾಡಬೇಕು ಅಂದೆ. ಅಂದಿನಿಂದ ಮಾತು ಬಿಟ್ಟಿದ್ದಾನೆ. ವಾಟ್ಸಾಪ್‌ನಲ್ಲಿ ಬೈಬಲ್ ವಚನ ಮಾತ್ರ ಬರುತ್ತದೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು, ಸಹೋದರನ ಜೊತೆ ಮನಸ್ತಾಪ ಇಟ್ಟುಕೊಂಡು ಕಾಣಿಕೆ ಕೊಡಬಾರದು ಅಂತ. ಊರಿನ ಸಭೆಯ ಅಯ್ಯನವರೂ (ಪಾದ್ರಿಗಳು) "ಕ್ಷಮಿಸಿಬಿಡಿ, ಶಾಂತಿ ಮುಖ್ಯ" ಅಂದರು. ಅಮ್ಮ ಫೋನ್‌ನಲ್ಲಿ ಅಳುತ್ತಾರೆ. ನನಗೆ ಹಣ ಬೇಕಾಗಿಯೇ ಇಲ್ಲ. ಮಗಳ ನರ್ಸಿಂಗ್ ಫೀಸಿಗೆ ಸಾಲ ಮಾಡಿದ್ದೇವೆ, ಹೇಗೋ ನಡೆಯುತ್ತದೆ. ಆದರೆ ಸೈನ್ ಹಾಕಲು ಕೈ ಬರುತ್ತಿಲ್ಲ. ನಾಲ್ಕು ತಿಂಗಳಿಂದ ಚರ್ಚಿನಲ್ಲಿ ಕರ್ತನ ಭೋಜನ (ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ನನ್ನಲ್ಲಿ ಕ್ಷಮೆ ಇಲ್ಲವೇ? ನಾನು ಆಸೆಬುರುಕಿಯೇ?

— ಒಬ್ಬ ಅಕ್ಕ, ಶಿವಮೊಗ್ಗ

ಉತ್ತರ: ಪ್ರಿಯ ಸಹೋದರಿ,

ಮೊದಲು ಕರ್ತನ ಭೋಜನದ ವಿಷಯ ಮುಗಿಸೋಣ. ನಿಮ್ಮ ಸಭೆಯಲ್ಲಿ ಮುಂದಿನ ಸಲ ಇದ್ದಾಗ ಹೋಗಿ, ತೆಗೆದುಕೊಳ್ಳಿ. ಅಯೋಗ್ಯವಾಗಿ ತಿನ್ನಬಾರದು, ಕುಡಿಯಬಾರದು ಅಂತ ಅಪೊಸ್ತಲ ಪೌಲ ಬರೆದದ್ದು ನಿಜ. ಆದರೆ ಕೊರಿಂಥದ ಸಭೆಗೆ ಅವನು ಬರೆದ ಪತ್ರದ, ಅಂದರೆ ಒಂದನೆಯ ಕೊರಿಂಥದ, 11ನೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ ನೋಡಿ. ಕೊರಿಂಥದಲ್ಲಿ ಉಳ್ಳವರು ಮೊದಲೇ ಹೊಟ್ಟೆ ತುಂಬ ತಿಂದು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ. ನಮ್ಮ ಸಭೆಗಳಲ್ಲಿ ಎಲ್ಲ ಉಲ್ಟಾ. ನೊಂದವರು ನಾನು ಯೋಗ್ಯಳಲ್ಲ ಅಂತ ಬೆಂಚಿನಲ್ಲೇ ಉಳಿಯುತ್ತಾರೆ, ನೋಯಿಸಿದವರು ಆರಾಮಾಗಿ ಮುಂದೆ ಹೋಗಿ ಮೊಣಕಾಲೂರುತ್ತಾರೆ. "ಯೋಚನೆ ಮಾಡಬೇಕು" ಅಂದದ್ದು ಪಾಪವೇನಲ್ಲ. ಮಾತು ಬಿಟ್ಟವರು ನೀವೂ ಅಲ್ಲ.

ಇನ್ನು ಕ್ಷಮೆ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. ನಿಮ್ಮ ತಮ್ಮ ಎಲ್ಲಿಯೂ "ತಪ್ಪಾಯ್ತು ಅಕ್ಕ" ಅಂದಿಲ್ಲ. ಅವರು ಕೇಳುತ್ತಿರುವುದು ನಿಮ್ಮ ಪಾಲನ್ನು. ಅದನ್ನು ಕ್ಷಮೆ ಅಂತ ಕರೆದವರು ಅಯ್ಯನವರು. ಕ್ಷಮಿಸಲು ನೀವು ಉಡುಪಿಗೆ ಹೋಗಬೇಕಾಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸು ಬೇಡ, ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳೂ ಬೇಡ. ತಮ್ಮನ ಮೇಲಿನ ಸಿಟ್ಟನ್ನು ಇವತ್ತು ಸಂಜೆಯ ಪ್ರಾರ್ಥನೆಯಲ್ಲೇ ಬಿಡಬಹುದು. ಅದು ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ನಾಳೆ ಮತ್ತೆ ಬರುತ್ತದೆ, ಮತ್ತೆ ಬಿಡಬೇಕು. ಏಳೆಪ್ಪತ್ತು ಸಲ ಅಂತ ಯೇಸುಸ್ವಾಮಿ ಸುಮ್ನೆ ಹೇಳಿದ್ದಲ್ಲ. ಆದರೆ ಅದೇ ಮತ್ತಾಯ 18ರಲ್ಲಿ, ಆ ಮಾತಿಗೂ ಮೊದಲು, ನಿನ್ನ ಸಹೋದರ ತಪ್ಪು ಮಾಡಿದರೆ ನೀನೇ ಹೋಗಿ ಒಬ್ಬನೇ ಇದ್ದಾಗ ಹೇಳು ಅಂತಲೂ ಇದೆ. ಕ್ಷಮಿಸುವವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಅಲ್ಲಿ ಬರೆದಿಲ್ಲ.

ನಿಮ್ಮ ಪಾಲು ಎಷ್ಟು ಅನ್ನುವುದು ನಿಮಗೆ ಗೊತ್ತಿರಲಿ. ಕ್ರೈಸ್ತರು ವಿಲ್ ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ. ಮಗ, ಮಗಳು ಅಂತ ಭೇದ ಇಲ್ಲ. ನಿಮ್ಮ ಮನೆಯ ಲೆಕ್ಕದಲ್ಲಿ ಅಮ್ಮನಿಗೊಂದು, ನಿಮಗೊಂದು, ತಮ್ಮನಿಗೊಂದು, ಹೀಗೆ ಮೂರು ಸಮಪಾಲು. ಮದುವೆಯ ಚಿನ್ನದ ಮಾತಿಗೂ ಅಲ್ಲೇ ಉತ್ತರ ಇದೆ. ಅಪ್ಪ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಈ ಪಾಲಿನಲ್ಲಿ ಕಳೆಯುವಂತಿಲ್ಲ ಅಂತ 49ನೇ ಸೆಕ್ಷನ್ ಹೇಳುತ್ತದೆ. ಹಿಂದೆ ತಿರುವಾಂಕೂರಿನ ಕ್ರೈಸ್ತರಿಗೆ 1916ರ ಬೇರೆ ಕಾಯ್ದೆ ಇತ್ತು. ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಕೇರಳದ ಮೇರಿ ರಾಯ್ ಎಂಬ ಮಹಿಳೆ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ, 1986ರಲ್ಲಿ ಅದು ನಡೆಯುವುದಿಲ್ಲ ಅಂತ ತೀರ್ಪಾಯಿತು. ನಮ್ಮ ಕಡೆ ಅಂಥ ಕಾಯ್ದೆ ಕೂಡ ಇರಲಿಲ್ಲ. ಜಾಗ ಗಂಡುಮಕ್ಕಳಿಗೆ, ಚಿನ್ನ ಹೆಣ್ಣುಮಕ್ಕಳಿಗೆ ಅನ್ನುವುದು ರೂಢಿ ಮಾತ್ರ.

ಬೈಬಲಿನ ಕಾಲದಲ್ಲೂ ಆಸ್ತಿ ಗಂಡುಮಕ್ಕಳಿಗೇ ಹೋಗುತ್ತಿತ್ತು ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಯೋಬನ ಪುಸ್ತಕದ ಕೊನೆಯ ಅಧ್ಯಾಯ ನೋಡಿ. ಅಷ್ಟೆಲ್ಲ ಕಳೆದುಕೊಂಡ ಮನುಷ್ಯನಿಗೆ ಮತ್ತೆ ಏಳು ಗಂಡು, ಮೂರು ಹೆಣ್ಣುಮಕ್ಕಳು ಹುಟ್ಟುತ್ತಾರೆ. ಮೂವರು ಹೆಣ್ಣುಮಕ್ಕಳ ಹೆಸರೂ ಅಲ್ಲಿದೆ, ಏಳು ಗಂಡುಮಕ್ಕಳಲ್ಲಿ ಒಬ್ಬರದ್ದೂ ಇಲ್ಲ. ಅಣ್ಣತಮ್ಮಂದಿರ ಜೊತೆಗೆ ಹೆಣ್ಣುಮಕ್ಕಳಿಗೂ ಯೋಬ ಆಸ್ತಿ ಕೊಟ್ಟ ಅಂತ ಬರೆದಿದೆ. ಈ ವಚನದ ಮೇಲೆ ಪ್ರಸಂಗ ಕೇಳಿದ ನೆನಪು ನನಗಂತೂ ಇಲ್ಲ.

ನಿಮ್ಮ ತಮ್ಮ ಕಳಿಸಿದ ಕೊರಿಂಥದ ವಚನಕ್ಕೆ ಬರೋಣ. ಒಂದನೆಯ ಕೊರಿಂಥ 6. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದಕ್ಕಿಂತ ಅನ್ಯಾಯ ಸಹಿಸಿಕೊಳ್ಳುವುದೇ ಮೇಲು ಅಂತ ಪೌಲ ಅಲ್ಲಿ ಕೇಳುವುದು ನಿಜ. ಕಷ್ಟದ ಮಾತು ಅದು, ನಾನು ಅದನ್ನು ತೇಲಿಸಿಬಿಡುವುದಿಲ್ಲ. ಆದರೆ ಮುಂದಿನ ವಚನದಲ್ಲೇ ಪೌಲ ತಿರುಗಿ ನಿಂತು, ಅನ್ಯಾಯ ಮಾಡುವವರು ನೀವೇ, ಅದೂ ಸಹೋದರರಿಗೇ ಮೋಸ ಮಾಡುತ್ತೀರಿ ಅಂತ ಬೈಯುತ್ತಾನೆ. ಅದಕ್ಕೂ ಮೊದಲು, ನಿಮ್ಮಲ್ಲಿ ನ್ಯಾಯ ತೀರಿಸಲು ಒಬ್ಬ ಬುದ್ಧಿವಂತನೂ ಇಲ್ಲವೇ ಅಂತ ಕೇಳುತ್ತಾನೆ. ಸಭೆಯೊಳಗೆ ಕೂತು ನ್ಯಾಯ ಮಾಡಿ ಅಂತ ತಾನೇ ಇದರ ಅರ್ಥ? ನ್ಯಾಯವೇ ಬೇಡ ಅಂತಲ್ಲ. ಸಹಿಸಿಕೋ ಅನ್ನುವ ವಚನವನ್ನು, ಸಹಿಸಿಕೊಂಡರೆ ಯಾರಿಗೆ ಜಾಗ ಸಿಗುತ್ತದೋ ಅವರೇ ಕಳಿಸುವುದು ಚೆನ್ನಾಗಿ ಕಾಣುವುದಿಲ್ಲ.

ಹಾಗಂತ ನಿಮ್ಮನ್ನೂ ಸುಮ್ನೆ ಬಿಡುವುದಿಲ್ಲ. ಲೂಕ 12ರಲ್ಲಿ ಒಬ್ಬ ಬಂದು, ಆಸ್ತಿ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳಿ ಅಂತ ಯೇಸುಸ್ವಾಮಿಯನ್ನು ಕೇಳುತ್ತಾನೆ. ನನ್ನನ್ನು ಯಾರು ನ್ಯಾಯಾಧೀಶನಾಗಿ ಇಟ್ಟರು ಅಂತ ಅವರು ಹಿಂದೆ ಸರಿಯುತ್ತಾರೆ. ಆಮೇಲೆ ಲೋಭದ ಬಗ್ಗೆ ಎಚ್ಚರ ಹೇಳುವುದು ಅಲ್ಲಿದ್ದ ಎಲ್ಲರಿಗೂ. ಅದು ನಿಮ್ಮ ತಮ್ಮನಿಗೂ ಆಯ್ತು, ನಿಮಗೂ ಆಯ್ತು. ಹಣ ಬೇಕಾಗಿಯೇ ಇಲ್ಲ ಅಂತ ಬರೆದಿದ್ದೀರಿ. ಅದರ ಬೆನ್ನಿಗೇ ಮಗಳ ಫೀಸಿನ ಸಾಲ ಬಂದಿದೆ. ಬೇಕು ಅನ್ನಲು ನಾಚಿಕೆ ಯಾಕೆ? ಮಗಳ ಓದಿಗೆ ಹಣ ಬೇಕಾಗುವುದು ಆಸೆಬುರುಕತನ ಅಲ್ಲ. ತಮ್ಮನ ಜೊತೆ ಮಾತಿಗೆ ಕೂತಾಗ "ನನಗೇನೂ ಬೇಡ, ಆದರೂ..." ಅಂತ ಶುರು ಮಾಡಬೇಡಿ. ಬೇಕಾಗಿದ್ದರೆ ಬೇಕು ಅಂತಲೇ ಹೇಳಿ. ಹಣಕ್ಕಿಂತ ಜಾಸ್ತಿ, ಈ ಮನೆಯ ಮಗಳು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲವಲ್ಲ ಅನ್ನುವ ನೋವಿದ್ದರೆ ಅದನ್ನೂ ಹೇಳಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ. ಅಪ್ಪನ ಡಯಾಲಿಸಿಸ್‌ಗೆ ಓಡಾಡಿದ್ದು ತಮ್ಮನೇ. ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆ, ಪ್ರತಿ ಸಲ ನಾಲ್ಕು ಗಂಟೆ ಮಿಷನ್ ಪಕ್ಕ ಕಾಯುವುದು, ದಿನಕ್ಕೆ ಇಷ್ಟೇ ನೀರು ಅಂತ ಅಳೆದು ಕೊಡುವುದು, ಬಾಯಾರಿ ಬೈಯುವ ಅಪ್ಪನನ್ನು ಸುಧಾರಿಸುವುದು. ಅವರ ಕೆಲಸ, ಅವರ ಹೆಂಡತಿಯ ನಿದ್ದೆ ಎಷ್ಟು ಹೋಯಿತೋ! ಪಾಲು ಹಾಕುವಾಗ ಕಾನೂನು ಇದಕ್ಕೆ ಬೆಲೆ ಕಟ್ಟುವುದಿಲ್ಲ. ನೀವು ಕಟ್ಟಬಹುದು. ನೀವು ದೂರದಲ್ಲಿದ್ದಿರಿ, ಅದು ತಪ್ಪಲ್ಲ. ಆದರೆ ಆ ವರ್ಷಗಳ ಬಗ್ಗೆ ಯಾರೂ ತಮ್ಮನಿಗೆ ಒಂದು ಮಾತು ಹೇಳಿರಲಿಕ್ಕಿಲ್ಲ. ಬಹುಶಃ ಈಗ ಅವರು ಅದನ್ನೇ ಜಾಗದ ರೂಪದಲ್ಲಿ ಕೇಳುತ್ತಿದ್ದಾರೆ, ಕೇಳುವ ರೀತಿ ಮಾತ್ರ ಕೆಟ್ಟದಾಗಿದೆ. ಮೊದಲ ಮಾತು ಅಲ್ಲಿಂದಲೇ ಶುರುವಾಗಲಿ. ಪಾಲಿನ ವಿಷಯ ಆಮೇಲೆ. ಫೋನ್ ಬೇಡ, ಎದುರು ಕೂತು ಮಾತಾಡಿ. ವಚನಕ್ಕೆ ವಚನ ಕಳಿಸುವ ಆಟಕ್ಕಂತೂ ಇಳಿಯಬೇಡಿ.

ಆ ಮಾತುಕತೆ ಆದ ಮೇಲೆ, ನನ್ನ ಪಾಲಿನಲ್ಲಿ ಅರ್ಧ ತಮ್ಮನಿಗೆ ಇರಲಿ ಅಂತ ನಿಮಗೆ ಅನ್ನಿಸಬಹುದು. ಪೂರ್ತಿ ಇರಲಿ ಅಂತಲೂ ಅನ್ನಿಸಬಹುದು. ಕೊಡಿ. ಎಷ್ಟು ಕೊಡುತ್ತಿದ್ದೀರಿ ಅಂತ ನಿಮಗೂ ಗೊತ್ತಿರಬೇಕು, ಅವರಿಗೂ ಗೊತ್ತಿರಬೇಕು. ಬಲವಂತಕ್ಕೆ, ಬೇಸರದಿಂದ ಕೊಡಬೇಡಿ, ಸಂತೋಷವಾಗಿ ಕೊಡುವವರನ್ನು ದೇವರು ಪ್ರೀತಿಸುತ್ತಾನೆ ಅನ್ನುವ ವಚನವನ್ನು ಕಾಣಿಕೆ ಎತ್ತುವಾಗ ಎಷ್ಟು ಸಲ ಕೇಳಿದ್ದೇವೆ. ಅದು 22 ಸೆಂಟ್ಸ್ ಜಾಗಕ್ಕೂ ಸಲ್ಲುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಳ್ಳಿ. ಅದರಿಂದ ನಿಮ್ಮ ವಿಶ್ವಾಸ ಕಡಿಮೆಯಾಗುವುದಿಲ್ಲ. ಈ ತಿಂಗಳು ಸೈನ್ ಹಾಕಲಿಲ್ಲ ಅಂತ ನಿಮ್ಮ ಪಾಲೂ ಎಲ್ಲಿಗೂ ಹೋಗುವುದಿಲ್ಲ. ಸೈನ್ ಹಾಕಿ ರಿಜಿಸ್ಟರ್ ಆಯಿತೋ, ವಾಪಸ್ ತರುವುದು ಬಹಳ ಕಷ್ಟ.

ತವರು ತಪ್ಪಿಹೋಗುತ್ತದೆ ಅನ್ನುವ ಭಯ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲ, ಆದರೆ ಇದೆ. ಕ್ರಿಸ್‌ಮಸ್‌ಗೆ ಹೋಗುವ ಮನೆ, ಅಮ್ಮ ಕಟ್ಟಿಕೊಡುವ ಕುಸ್ವಾರ್ (ಹಬ್ಬದ ತಿಂಡಿಗಳ) ಡಬ್ಬಿ. ಸೈನ್ ಹಾಕದಿದ್ದರೆ ಸ್ವಲ್ಪ ಕಾಲ ಅದೆಲ್ಲ ಇಲ್ಲವಾಗಬಹುದು. ಇಲ್ಲ, ಎಲ್ಲ ಸರಿಹೋಗುತ್ತದೆ ಅಂತ ನಾನು ಸುಳ್ಳು ಹೇಳಲಾರೆ. ಆದರೆ ಒಳಗೆ ಕುದಿಯುತ್ತಾ ಸೈನ್ ಹಾಕಿದ ಎಷ್ಟೋ ಅಕ್ಕತಂಗಿಯರು ಆಮೇಲೆ ಆ ಮೆಟ್ಟಿಲು ಹತ್ತಲೇ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ನಿಮ್ಮ ಅಮ್ಮನ ಸೈನಿನದ್ದು. ನೀವು ನಿಮ್ಮ ಸೈನಿನ ಬಗ್ಗೆಯೇ ಬರೆದಿದ್ದೀರಿ. ಮೂರನೇ ಒಂದು ಭಾಗ ಅವರದ್ದು. ಅದನ್ನು ಬಿಟ್ಟುಕೊಟ್ಟರೆ ನಾಳೆ ನಿಮ್ಮ ತಮ್ಮ ಆ ಮನೆಯನ್ನು ಮಾರಿದರೂ, ಬ್ಯಾಂಕಿಗೆ ಅಡವಿಟ್ಟರೂ ಅಮ್ಮ ಏನೂ ಹೇಳುವಂತಿಲ್ಲ. ಮಾರ್ಕ 7ರಲ್ಲಿ ಯೇಸುಸ್ವಾಮಿ ಕೊರ್ಬಾನ್ ವಿಷಯಕ್ಕೆ, ಧರ್ಮದ ಕಟ್ಟಳೆಯಲ್ಲಿ ಕಟ್ಟುನಿಟ್ಟಾದ ಫರಿಸಾಯರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು ಜನ ದೇವರಿಗೆ ಮೀಸಲು ಅಂತ ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ದೇವರ ಹೆಸರು ಹೇಳಿ ವಿಧವೆ ತಾಯಿಯ ಪಾಲು ಬರೆಸಿಕೊಳ್ಳುವುದು ಅದಕ್ಕಿಂತ ತುಂಬ ದೂರವೇನಲ್ಲ. ಇದನ್ನು ಅಯ್ಯನವರಿಗೆ ನೀವೇ ಹೋಗಿ ಹೇಳಿ. ಮರ್ಯಾದೆಯಿಂದಲೇ, ಆದರೆ ಬಿಡಿಸಿ ಹೇಳಿ. ಅವರಿಗೆ ಒಂದು ಕಡೆಯ ಮಾತಷ್ಟೇ ಮುಟ್ಟಿರಬಹುದು. ಮೂವರನ್ನೂ ಕೂರಿಸಿ ಮಾತಾಡಿಸುತ್ತೀರಾ ಅಂತ ಕೇಳಿ.

ಅವರು ಒಪ್ಪದಿದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಕೇಸ್ ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ಅದನ್ನು ತಮ್ಮನಿಗೆ ಮೊದಲೇ ತಿಳಿಸಿ ಹೋಗಿ, ಬೆನ್ನ ಹಿಂದೆ ಬೇಡ.

ಅಮ್ಮನಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಅವರು ಅತ್ತರೆ ಅಳಲಿ. ಆಮೇಲೆ ಹೇಳಿ: "ಅಮ್ಮ, ನನ್ನ ವಿಷಯ ನಾನೂ ತಮ್ಮನೂ ಮಾತಾಡಿಕೊಳ್ಳುತ್ತೇವೆ. ನೀವು ಮಾತ್ರ ನಾನು ಬರುವವರೆಗೆ ಯಾವುದಕ್ಕೂ ಸೈನ್ ಹಾಕಬೇಡಿ."