ಸಮ್ಮೇಳನ ನಡೆಸುವ ಕೆಲಸಕ್ಕೆ ಓದು ಬೇಕಾ?

ಓದುಗರ ಪತ್ರ: ‘ಪದವಿ ಮುಗಿಸಿದ್ದೇನೆ. ಬಿಸಿನೆಸ್ ಇವೆಂಟ್ಸ್ ಮತ್ತು ಪ್ರವಾಸೋದ್ಯಮದಲ್ಲಿ ಕೆಲಸ ಮಾಡುವ ಆಸೆ. ಪರಿಚಯದವರೆಲ್ಲ, ಚೆನ್ನಾಗಿ ಮಾತಾಡೋಕೆ ಬಂದರೆ ಸಾಕು, ಕೋರ್ಸ್ ಯಾಕೆ ಅನ್ನುತ್ತಾರೆ. ಒಂದು ವರ್ಷದ ಡಿಪ್ಲೊಮಾ ಸೇರಲೋ, ನೇರವಾಗಿ ಕೆಲಸಕ್ಕೆ ಹೋಗಲೋ?’

ಸಂಪಾದಕರ ಉತ್ತರ: ಮಾತು ಬರಬೇಕು, ನಿಜ. ಆದರೆ ಈ ಕೆಲಸದಲ್ಲಿ ಹೊಸಬರು ಮುಗ್ಗರಿಸುವುದು ಮಾತಿನಲ್ಲಲ್ಲ. ಲೆಕ್ಕದಲ್ಲಿ, ಕರಾರುಪತ್ರದಲ್ಲಿ. ಅದಕ್ಕೇ ಓದಿ ಅನ್ನುತ್ತೇನೆ. ಎಂಥ ಓದು ಅನ್ನುವುದನ್ನು ಮಾತ್ರ ಎಚ್ಚರದಿಂದ ಆರಿಸಿಕೊಳ್ಳಿ.

ಒಂದು ಉದಾಹರಣೆ ನೋಡಿ. ವೈದ್ಯರ ಸಮ್ಮೇಳನಕ್ಕೆ ಹೋಟೆಲಿನಲ್ಲಿ 200 ರೂಮ್ ಹಿಡಿದಿಟ್ಟಿದ್ದೀರಿ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ‘ಅಟ್ರಿಶನ್’ ಅಂತ ಒಂದು ಷರತ್ತು ಇರುತ್ತದೆ. ಶೇ 80ರಷ್ಟು ರೂಮ್ ತುಂಬಲೇಬೇಕು ಅಂತ ಅದರಲ್ಲಿ ಬರೆದಿದ್ದರೆ 160 ರೂಮಿಗೆ ನೀವು ಹೊಣೆ. ಬಂದವರು 130 ಮಾತ್ರ ತೆಗೆದುಕೊಂಡರು ಅಂದುಕೊಳ್ಳಿ. 30 ಖಾಲಿ ರೂಮಿನ ಹಣ ಸಂಘಟಕರ ತಲೆ ಮೇಲೆ. ಅದೂ ಪ್ರತಿ ರಾತ್ರಿಗೆ! ಸಹಿ ಹಾಕುವ ಮುಂಚೆಯೇ ಆ ಸಾಲು ಓದಿ, ಶೇ 70ಕ್ಕೆ ಇಳಿಸಿದ್ದರೆ ಹೊರೆ 10 ರೂಮಿಗೆ ಬರುತ್ತಿತ್ತು. ಸುಮ್ನೆ ನಗುತ್ತಾ ಸ್ವಾಗತಿಸುವವರಿಗೂ ಈ ಸಾಲು ಓದಬಲ್ಲವರಿಗೂ ಇರುವ ವ್ಯತ್ಯಾಸ ಇಷ್ಟೇ. ಸಂಬಳದಲ್ಲೂ ಅದು ಕಾಣುತ್ತದೆ.

ಹಾಲ್ ವಿಷಯವೂ ಹೀಗೇ. ಬರೀ ಕುರ್ಚಿ ಸಾಲು ಹಾಕಿದರೆ ಹಿಡಿಸುವಷ್ಟು ಜನ, ಮುಂದೆ ಮೇಜು ಇಟ್ಟರೆ ಹಿಡಿಸುವುದಿಲ್ಲ. ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಂಕಿ ಬಿದ್ದರೆ ಜನ ಯಾವ ಬಾಗಿಲಿಂದ ಹೊರಹೋಗಬೇಕು ಅನ್ನುವುದನ್ನೂ ಮೊದಲೇ ಯೋಚಿಸಿರಬೇಕು.

ಪ್ರವಾಸೋದ್ಯಮದ ಆಸೆಯನ್ನೂ ಬರೆದಿದ್ದೀರಿ. ಹಾಗಾದರೆ ಕನ್ವೆನ್ಷನ್ ಬ್ಯೂರೋಗಳ ಬಗ್ಗೆ ತಿಳಿದುಕೊಳ್ಳಿ. ತಮ್ಮ ಊರಿಗೆ ಸಮ್ಮೇಳನಗಳನ್ನು ಕರೆತರುವುದೇ ಇವುಗಳ ಕೆಲಸ. 1896ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶುರುವಾದದ್ದನ್ನು ಇಂಥ ಮೊದಲ ಸಂಸ್ಥೆ ಎನ್ನುತ್ತಾರೆ. ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಎಲ್ಲಿ ನಡೆಯಬೇಕು ಅನ್ನುವುದು ಎಷ್ಟೋ ವರ್ಷ ಮೊದಲೇ ತೀರ್ಮಾನವಾಗುತ್ತದೆ. ಊರುಗಳು ಅದಕ್ಕಾಗಿ ಅರ್ಜಿ ಹಾಕಿ ಪೈಪೋಟಿ ನಡೆಸುತ್ತವೆ. ಆ ಅರ್ಜಿ ತಯಾರಿಸುವವರು, ವಿಮಾನ, ವಸತಿ, ಸಭಾಂಗಣಗಳ ಲೆಕ್ಕ ಕೂಡಿಸುವವರು ಬೇಕೇ ಬೇಕು. ವೇದಿಕೆ ಮೇಲೆ ಕಾಣಿಸದ ಈ ಕೆಲಸ ವಿದ್ಯಾರ್ಥಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಬೇಜಾರಿನ ಸಂಗತಿ ಇದು, ಯಾಕಂದರೆ ಬರವಣಿಗೆ ಮತ್ತು ಲೆಕ್ಕ ಎರಡೂ ಬಲ್ಲವರಿಗೆ ಹೇಳಿ ಮಾಡಿಸಿದ ಜಾಗ ಅದು.

ಸರ್ಟಿಫಿಕೇಟ್ ಬಗ್ಗೆ ಒಂದು ಎಚ್ಚರಿಕೆ. ಈ ಕ್ಷೇತ್ರದಲ್ಲಿ ಜಾಸ್ತಿ ಹೆಸರು ಮಾಡಿರುವುದು 1985ರಲ್ಲಿ ಶುರುವಾದ ಸಿಎಂಪಿ, ಅಂದರೆ ಸರ್ಟಿಫೈಡ್ ಮೀಟಿಂಗ್ ಪ್ರೊಫೆಷನಲ್. ಅದರ ಪರೀಕ್ಷೆಗೆ ಕೂರಬೇಕಾದರೆ ಈ ಕ್ಷೇತ್ರದ ಅನುಭವ ತೋರಿಸಬೇಕು. ಪಾಸಾದ ಮೇಲೂ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅನುಭವವೇ ಬೇಡ, ಕೆಲವೇ ವಾರಗಳಲ್ಲಿ ಕೊಡಿಸುತ್ತೇವೆ ಅನ್ನುವವರನ್ನು ನಂಬಬೇಡಿ.

ಇನ್ನೊಂದು ಮಾತು. 2020ರ ಫೆಬ್ರುವರಿಯಲ್ಲಿ ಕೋವಿಡ್‌ನಿಂದಾಗಿ ಬಾರ್ಸಿಲೋನಾದ ಮೊಬೈಲ್ ಉದ್ಯಮದ ಮೇಳ ‘ಮೊಬೈಲ್ ವರ್ಲ್ಡ್ ಕಾಂಗ್ರೆಸ್’ ರದ್ದಾಯಿತು. ಸ್ವಲ್ಪ ದಿನಕ್ಕೇ ಬರ್ಲಿನ್‌ನ ಪ್ರವಾಸೋದ್ಯಮ ಮೇಳ ಐಟಿಬಿ ಕೂಡ. ಆಮೇಲೆ ಇಡೀ ಉದ್ಯಮವೇ ನಿಂತುಹೋಯಿತು. ಬೇರೆ ಕಡೆಯೂ ಉಪಯೋಗಕ್ಕೆ ಬರುವ ಒಂದು ಕೌಶಲ ನಿಮ್ಮ ಕೈಯಲ್ಲಿರಲಿ: ಅಕೌಂಟ್ಸ್, ಕರಾರು, ಇನ್ನೊಂದು ಭಾಷೆ, ಯಾವುದಾದರೂ ಸರಿ.

ಡಿಪ್ಲೊಮಾ ಸೇರುವುದಾದರೆ ಫೀಸ್ ಕಟ್ಟುವ ಮುಂಚೆ ಕಾಲೇಜಿನವರನ್ನು ಮೂರು ವಿಷಯ ಕೇಳಿ. ನಿಜವಾದ ಕಾರ್ಯಕ್ರಮದಲ್ಲಿ ಎಷ್ಟು ತಿಂಗಳು ಕೆಲಸ ಮಾಡಿಸುತ್ತೀರಿ? ಹೋಟೆಲ್ ಕರಾರು ಮತ್ತು ಬಜೆಟ್ ಹೇಳಿಕೊಡುವವರು ಯಾರು, ಅವರು ಸ್ವತಃ ಸಮ್ಮೇಳನ ನಡೆಸಿದ್ದಾರಾ? ಕಳೆದ ಸಾಲಿನ ವಿದ್ಯಾರ್ಥಿಗಳಲ್ಲಿ ಇಬ್ಬರ ಜೊತೆ ಮಾತಾಡಬಹುದಾ? ಉತ್ತರ ತೇಲಿಸಿದರೆ ಬೇರೆ ಕಾಲೇಜು ನೋಡಿ. ಅಲ್ಲಿಯವರೆಗೆ ಹತ್ತಿರದ ಯಾವುದಾದರೂ ಸಮ್ಮೇಳನದ ನೋಂದಣಿ ಮೇಜಿನಲ್ಲಿ ಸ್ವಯಂಸೇವಕರಾಗಿ ನಿಲ್ಲಿ.