"ನೋ ಕ್ಯಾನ್ ಡೂ" ಅಂದರೆ ಏನು? ಅದು ತಪ್ಪು ಇಂಗ್ಲಿಷಾ?

ಸೋಮವಾರ ರಜೆ ಕೇಳಿದ್ದಕ್ಕೆ ನಿಮ್ಮ ಮ್ಯಾನೇಜರ್ "ಸಾರಿ, ನೋ ಕ್ಯಾನ್ ಡೂ" ಅಂತ ಮೆಸೇಜ್ ಹಾಕಿದ್ದಾರೆ. ಇದು ಒರಟು ಮಾತಾ, ತಪ್ಪು ಇಂಗ್ಲಿಷಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. "ಆಗಲ್ಲ" ಅಂದಿದ್ದಾರೆ, ಅಷ್ಟೇ.

ನಮ್ಮ "ಆಗಲ್ಲ" ನೋಡಿ. ಯಾರಿಗೆ ಆಗಲ್ಲ, ಏನು ಆಗಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, "ಐ ಕಾಂಟ್ ಡೂ ಇಟ್" ಅಂತ ಎಲ್ಲ ಸೇರಿಸಬೇಕು. ಹಾಗಾದರೆ ಕರ್ತೃವೇ ಇಲ್ಲದ ಈ ಮಾತು ಅಲ್ಲಿಗೆ ಹೇಗೆ ಬಂತು? ಚೀನಾದಿಂದ ಬಂತು.

1757ರಿಂದ 1842ರವರೆಗೆ ಹಡಗಿನಲ್ಲಿ ಬರುವ ಯುರೋಪಿನ ವ್ಯಾಪಾರಿಗಳಿಗೆ ಚೀನಾದಲ್ಲಿ ಕ್ಯಾಂಟನ್ ಬಂದರು ಒಂದೇ ತೆರೆದಿತ್ತು. ಅದೇ ಈಗಿನ ಗುವಾಂಗ್‌ಜೌ. ಚಹಾ, ರೇಷ್ಮೆ, ಪಿಂಗಾಣಿ ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಆದರೆ ಆ ಪರದೇಶಿಗಳಿಗೆ ಚೀನೀ ಭಾಷೆ ಕಲಿಸಬಾರದು ಅಂತ ಸರ್ಕಾರದ ಕಟ್ಟಪ್ಪಣೆ ಇತ್ತು. ಹಾಗಾಗಿ ಅಂಗಡಿಯವರೇ ಇಂಗ್ಲಿಷ್ ಕಲಿತರು. ಅದಕ್ಕಂತಲೇ "ದೆವ್ವಗಳ ಮಾತು" ಅನ್ನೋ ಅಗ್ಗದ ಕಿರುಹೊತ್ತಗೆ ಸಿಗುತ್ತಿತ್ತು. ಪರದೇಶಿಗಳನ್ನು ಅವರು ದೆವ್ವ ಅಂತಲೇ ಕರೆಯುತ್ತಿದ್ದದ್ದು! ಅದರಲ್ಲಿ ಇಂಗ್ಲಿಷ್ ಪದಗಳ ಉಚ್ಚಾರವನ್ನು ಚೀನೀ ಅಕ್ಷರದಲ್ಲೇ ಬರೆದಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಪುಸ್ತಕಗಳಲ್ಲಿ "ವಾಟ್ ಈಸ್ ಯುವರ್ ನೇಮ್" ಅಂತ ಕನ್ನಡದಲ್ಲೇ ಇರುತ್ತದಲ್ವಾ, ಹಾಗೆ.

ಹೀಗೆ ಹುಟ್ಟಿದ ವ್ಯಾಪಾರದ ಭಾಷೆಯೇ ಪಿಜಿನ್. ಪದ ಇಂಗ್ಲಿಷಿನದು, ಜೋಡಣೆ ಬಹುಪಾಲು ಚೀನೀಯರದು. ಕ್ಯಾಂಟನೀಸ್‌ನಲ್ಲಿ "ದಕ್" ಅಂದರೆ ಆಗುತ್ತದೆ, "ಮ್ ದಕ್" ಅಂದರೆ ಆಗಲ್ಲ. ಅದೇ ಧಾಟಿಯಲ್ಲಿ "ಕ್ಯಾನ್ ಡೂ", "ನೋ ಕ್ಯಾನ್ ಡೂ". 1912ರಿಂದ 1938ರವರೆಗೆ ಚೀನಾದಲ್ಲಿದ್ದ ಅಮೆರಿಕದ 15ನೇ ಪದಾತಿ ರೆಜಿಮೆಂಟ್ ಈ "ಕ್ಯಾನ್ ಡೂ" ಅನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು.

ಬೇಸರದ ಸಂಗತಿಯೂ ಒಂದಿದೆ. ಚೀನೀ ಕೂಲಿಗಳು ಬರಬಾರದು ಅಂತ ಅಮೆರಿಕ 1882ರಲ್ಲಿ ಕಾನೂನು ಮಾಡಿತು. ಆ ಕಾಲದಲ್ಲಿ ಅಲ್ಲಿ ನಾಟಕ, ಪತ್ರಿಕೆಗಳಲ್ಲಿ ಚೀನೀಯರ ಇಂಗ್ಲಿಷನ್ನು ಆಡಿಕೊಂಡು ನಗುವುದು ಮಾಮೂಲಾಗಿತ್ತು. ನನಗೆ ಇದು ಒಂಚೂರೂ ನಗುವ ವಿಷಯ ಅನ್ನಿಸುವುದಿಲ್ಲ. ನಮ್ಮ ಮಾವ ಹಂಪಿಯಲ್ಲಿ ಟೋಪಿ ಮಾರುತ್ತಿದ್ದರು. ಫಾರಿನ್‌ನವರು ಚೌಕಾಸಿಗೆ ನಿಂತರೆ, ಟೋಪಿಯನ್ನು ಕೈಯಲ್ಲೇ ಹಿಡಿದು "ಲೆಸ್ ನೋ ಮೇಡಂ, ಫೈನಲ್" ಅನ್ನುತ್ತಿದ್ದರು. "ಕಡಿಮೆ ಆಗಲ್ಲ" ಅನ್ನೋ ಕನ್ನಡವೇ ಅದು. ಗಿರಾಕಿಗೂ ಅರ್ಥವಾಗುತ್ತಿತ್ತು, ವ್ಯಾಪಾರವೂ ಆಗುತ್ತಿತ್ತು. ಕ್ಯಾಂಟನ್‌ನ ಅಂಗಡಿಯವರು ಮಾಡಿದ್ದೂ ಇದನ್ನೇ.

ಈಗ ಈ ಮಾತಿನ ಮೂಲ ಹೆಚ್ಚಿನವರಿಗೆ ನೆನಪಿಲ್ಲ, ಸುಮ್ನೆ ಸಲಿಗೆಯಲ್ಲಿ ಹೇಳುತ್ತಾರೆ. ನೀವೂ ಗೆಳೆಯರ ಹತ್ತಿರ ಧಾರಾಳವಾಗಿ ಹೇಳಿ. ಕ್ಲೈಂಟ್‌ಗೆ ಕಳಿಸುವ ಮೇಲ್‌ನಲ್ಲಿ ಬೇಡ, ಚೀನೀ ಸಹೋದ್ಯೋಗಿಯ ಹತ್ತಿರವೂ ನಾನಾಗಿದ್ದರೆ ಹೇಳುವುದಿಲ್ಲ. ಇನ್ನು ನಿಮ್ಮ ರಜೆ: ಧಾಟಿ ನೋಡಿದರೆ ಮ್ಯಾನೇಜರಿಗೆ ಸಿಟ್ಟು ಬಂದ ಹಾಗಿಲ್ಲ. ಮಂಗಳವಾರ ಕೊಡ್ತೀರಾ ಅಂತ ಕೇಳಿ ನೋಡಿ.