ಬ್ಯಾಕ್ಟೀರಿಯಾದ ಕತ್ತರಿ, ನಮ್ಮ ರಕ್ತ

ಪ್ರಶ್ನೆ: ಜೀನ್ ಕತ್ತರಿಸುವ ಕ್ಯಾಸ್9 ಪ್ರೋಟೀನು ದೇಹಕ್ಕೆ ಒಗ್ಗದಿದ್ದರೆ ನಾಲ್ಕು ದಿನ ಸ್ಟೀರಾಯ್ಡ್ ಕೊಟ್ಟರಾಯಿತಲ್ಲ? ಪ್ರೋಟೀನನ್ನೇ ತಿದ್ದುವ ಸರ್ಕಸ್ ಏಕೆ?
— ನಿವೃತ್ತ ಫಾರ್ಮಾಸಿಸ್ಟ್, ಡೊಂಬಿವಲಿ

ಉತ್ತರ: ನಿಮ್ಮ ಮಾತು ಪೂರ್ತಿ ತಪ್ಪಲ್ಲ ರಾಯರೇ. 2025ರಲ್ಲಿ ಫಿಲಡೆಲ್ಫಿಯಾದ ಹಸುಗೂಸಿಗೆ ಲಿಪಿಡ್ ನ್ಯಾನೊಕಣ ಎಂಬ ಅತಿಸಣ್ಣ ಕೊಬ್ಬಿನ ಕಣಗಳಲ್ಲಿ ಜೀನ್ ತಿದ್ದುಪಡಿ ಕೊಟ್ಟಾಗ ನಿರೋಧಶಕ್ತಿ ತಗ್ಗಿಸುವ ಔಷಧವೂ ಜೊತೆಗಿತ್ತು. ಎಂಆರ್‌ಎನ್‌ಎ (ಆ ಕಣಗಳೊಳಗಿನ, ಪ್ರೋಟೀನು ಮಾಡುವ ಸೂಚನೆಯ ಪ್ರತಿ) ಕೆಲವೇ ದಿನ ಇದ್ದು ಹೋಗುವ ನೆಂಟ, ಹಾಗಾಗಿ ನಡೆಯಿತು. ಜೀನು ಸಾಗಿಸಲು ಬಳಸುವ ಎಎವಿ ಎಂಬ ವೈರಸ್ಸಿನಲ್ಲಿ ಕಳಿಸಿದ ಜೀನು ಹಾಗಲ್ಲ. ಸ್ನಾಯುವಿನಲ್ಲೋ ಯಕೃತ್ತಿನಲ್ಲೋ ಠಿಕಾಣಿ ಹೂಡಿ ವರ್ಷಗಟ್ಟಲೆ ಕ್ಯಾಸ್9 ತಯಾರಿಸುತ್ತದೆ. ಅಷ್ಟು ಕಾಲ ಸ್ಟೀರಾಯ್ಡ್ ನುಂಗಿದರೆ ಸಕ್ಕರೆ, ಮೂಳೆ ಏನಾಗುತ್ತವೆಂದು ಔಷಧದಂಗಡಿಯಲ್ಲಿ ಆಯುಷ್ಯ ಸವೆಸಿದ ನಿಮಗೆ ನಾನು ಹೇಳಬೇಕೆ?

ಈ ಕತ್ತರಿ ನಮ್ಮ ದೇಹಕ್ಕೆ ಹೊಸ ಮುಖವೂ ಅಲ್ಲ. ಒಂದು ಬಗೆ ಗಂಟಲುನೋವಿನ ಸ್ಟ್ರೆಪ್ಟೊಕಾಕಸ್‌ನಿಂದ, ಇನ್ನೊಂದು ಕುರುವಿನ ಸ್ಟ್ಯಾಫಿಲೊಕಾಕಸ್‌ನಿಂದ ಬಂದದ್ದು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಕ್ತದಾನಿಗಳ ಪೈಕಿ 58% ಜನರಲ್ಲಿ ಮೊದಲನೆಯದರ ವಿರುದ್ಧ, 78% ಜನರಲ್ಲಿ ಎರಡನೆಯದರ ವಿರುದ್ಧ ಪ್ರತಿಕಾಯಗಳಿದ್ದವು. ಆದರೆ ಕ್ಯಾಸ್9 ಇರುವುದು ಜೀವಕೋಶದ ಒಳಗೆ, ಪ್ರತಿಕಾಯ ಅಲ್ಲಿಗೆ ತಲುಪದು. ಅಂಜಿಕೆ ಇರುವುದು ಟಿ ಕೋಶಗಳದ್ದು, ಅಂದರೆ ಪರಕೀಯ ಪ್ರೋಟೀನು ಹೊತ್ತ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳದ್ದು. ಕ್ಯಾಸ್9ಗೆ ಮೊದಲೇ ನಿರೋಧ ಬೆಳೆಸಿಕೊಂಡ ಇಲಿಗಳಲ್ಲಿ, ತಿದ್ದಿದ ಯಕೃತ್ತಿನ ಕೋಶಗಳನ್ನು ಈ ಟಿ ಕೋಶಗಳು ಹುಡುಕಿ ಕೊಂದುಹಾಕಿದವು. ರೋಗ ವಾಸಿಮಾಡಬೇಕಿದ್ದ ಕೋಶಗಳೇ ಹೋದ ಮೇಲೆ ಉಳಿಯುವುದೇನು?

ಹೊರಗಿನ ಪ್ರೋಟೀನನ್ನು ದೇಹಕ್ಕೆ ಹೊಂದಿಸುವುದು ನಮ್ಮ ಸೀಮೆಗೆ ಹೊಸತಲ್ಲ. ಹಂದಿಯ ಇನ್ಸುಲಿನ್ ನಮ್ಮದಕ್ಕಿಂತ ಒಂದೇ ಅಮೈನೋ ಆಮ್ಲದಲ್ಲಿ ಬೇರೆ, ದನದ್ದು ಮೂರರಲ್ಲಿ. ದೇಹ ಹೆಚ್ಚು ಮುನಿಯುತ್ತಿದ್ದುದು ದನದ್ದಕ್ಕೇ. ಹಾವಿನ ವಿಷಕ್ಕೆ ಕೊಡುವ ಕುದುರೆಯ ಪ್ರತಿಕಾಯದ ಬಾಲವನ್ನು ಪೆಪ್ಸಿನ್‌ನಿಂದ ಕತ್ತರಿಸಿ ತೆಗೆಯುತ್ತಾರೆ. ಪೊವಾಯಿಯ ಐಐಟಿಯಲ್ಲಿ ಹುಟ್ಟಿ 2023ರಲ್ಲಿ ಮಂಜೂರಾತಿ ಪಡೆದ ನೆಕ್ಸ್‌ಕಾರ್19 ಎಂಬ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲೂ ಇಲಿ ಮೂಲದ ತುಣುಕನ್ನು ಮನುಷ್ಯರದರಂತೆ ತಿದ್ದಿದ್ದಾರೆ. ಅವನ್ನೆಲ್ಲ ಸರ್ಕಸ್ ಎನ್ನದವರು ಇದನ್ನೇಕೆ ಅನ್ನಬೇಕು?

ಕೆಲಸ ನಡೆಯುವುದು ಹೀಗೆ. ಜೀವಕೋಶವು ಕ್ಯಾಸ್9ನ್ನು ಚೂರು ಮಾಡಿ, 8ರಿಂದ 10 ಅಮೈನೋ ಆಮ್ಲದ ತುಣುಕುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಟಿ ಕೋಶಕ್ಕೆ ತೋರಿಸುತ್ತದೆ. ಆ ತಟ್ಟೆಗಳನ್ನು ಹಿಡಿದು, ಆಮ್ಲದಲ್ಲಿ ತೊಳೆದು, ಉದುರಿದ ತುಣುಕುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ, ಅಣುಗಳನ್ನು ತೂಗಿ ಗುರುತಿಸುವ ಯಂತ್ರದಲ್ಲಿ ಓದಬೇಕು. ತುಣುಕು ತಟ್ಟೆಗೆ ಕಚ್ಚಿಕೊಳ್ಳುವುದು ಹೆಚ್ಚಾಗಿ 2ನೆಯ ಮತ್ತು ಕೊನೆಯ ಅಮೈನೋ ಆಮ್ಲದಿಂದ. ಅಲ್ಲಿ ಲ್ಯೂಸಿನ್ ಇದ್ದರೆ ಗ್ಲೈಸಿನ್ ಹಾಕಿ ನೋಡಿ, ಹಿಡಿತ ಸಡಿಲ. ಕೆಡುವುದು ಇದಾದ ಮೇಲೆ. ಬದಲಿಸಿದ ಜಾಗ ಪ್ರೋಟೀನಿನ ಒಳತಿರುಳಿನಲ್ಲಿದ್ದರೆ ಮಡಿಕೆ ಕಳಚಿ ಕತ್ತರಿ ಮೊಂಡಾಗುತ್ತದೆ. ಬದಲಾದ ಸಾಲೇ ಬೇರೊಂದು ತಟ್ಟೆಗೆ ಚೆನ್ನಾಗಿ ಕೂತುಬಿಡಬಹುದು. ಮುಖ್ಯ ತುಣುಕು ಮರೆಯಾದಾಗ ಹಿಂದಿನ ಸಾಲಿನಲ್ಲಿದ್ದ ಇನ್ನೊಂದು ಮುಂದೆ ಬರಬಹುದು. ಆದ್ದರಿಂದ ಪ್ರತಿ ಬದಲಾವಣೆಗೂ ಡಿಎನ್‌ಎ ಕತ್ತರಿಸುವ ಪರೀಕ್ಷೆ, ತಪ್ಪು ಜಾಗದಲ್ಲಿ ಕತ್ತರಿಸುತ್ತದೆಯೇ ಎಂಬ ಪರೀಕ್ಷೆ, ಟಿ ಕೋಶದ ಪರೀಕ್ಷೆ, ಮೂರೂ ಮತ್ತೆ ಆಗಬೇಕು. ಅಪರೂಪದ ಬ್ಯಾಕ್ಟೀರಿಯಾದ ಕತ್ತರಿಯನ್ನೇ ಆರಿಸಿಕೊಂಡರಾಗದೇ ಎನ್ನುವಿರಿ. ಫ್ರಾನ್ಸಿಸೆಲ್ಲಾದ ಕ್ಯಾಸ್9 ಉಂಟು, ಆದರೆ ಅದು 1,629 ಅಮೈನೋ ಆಮ್ಲದ ದೊಡ್ಡಾಳು. ಒಂದೊಂದು ಅಮೈನೋ ಆಮ್ಲಕ್ಕೂ ಮೂರು ಡಿಎನ್‌ಎ ಅಕ್ಷರ ಬೇಕು, ಹಾಗಾಗಿ ಸುಮಾರು 4,700 ಅಕ್ಷರ ಹಿಡಿಸುವ ಎಎವಿಯಲ್ಲಿ ತೂರುವುದಿಲ್ಲ.

ನಮ್ಮ ತಕರಾರು ಬೇರೆ ಇದೆ. ಎಚ್‌ಎಲ್‌ಎ ಮನುಷ್ಯರಿಂದ ಮನುಷ್ಯರಿಗೆ ಬೇರೆ. 2019ರಲ್ಲಿ ಅರಿಜೋನಾದ ಸಂಶೋಧಕರು ಕ್ಯಾಸ್9ನ ಎರಡು ತುಣುಕು ಮರೆಮಾಡಿದ್ದು ಎ*02:01 ಎಂಬ ಬಗೆಯ ತಟ್ಟೆಯಿಂದ. ಅದು ಯುರೋಪಿಯನ್ನರಲ್ಲಿ ಧಾರಾಳ. ನಮ್ಮಲ್ಲಿ ಎ*02:11 ಸಾಕಷ್ಟು ಸಿಗುತ್ತದೆ, ಅದರ ಅಭಿರುಚಿಯೂ ಅದೇ ಎಂದು ಕಣ್ಣುಮುಚ್ಚಿ ನಂಬಲಾಗದು. ಒಳಜಾತಿಯೊಳಗೇ ಮದುವೆಯಾಗುತ್ತ ಬಂದ ದೇಶ ನಮ್ಮದು, ತಟ್ಟೆಗಳೂ ಸಮುದಾಯಕ್ಕೊಂದು ಬಗೆ. ಮಹಾರಾಷ್ಟ್ರದಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗ ಹೆಚ್ಚಿರುವುದು ನಂದುರ್ಬಾರ್, ಗಡಚಿರೋಲಿಗಳ ಭಿಲ್ಲ, ಪಾವರಾ, ಗೊಂಡರಲ್ಲಿ. ಔಷಧ ಬೇಕಾದವರು ಅವರು. ಪರೀಕ್ಷೆಯ ರಕ್ತ ಮಾತ್ರ ಅಮೆರಿಕದ ರಕ್ತನಿಧಿಯದ್ದು! ಪುಣೆ, ಮುಂಬೈಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರುಗಳಿಗೇನೂ ಬರವಿಲ್ಲ. ಆ ಜಿಲ್ಲೆಗಳ ದಾನಿಗಳ ರಕ್ತ ತಂದು, ಮೊದಲು ಎಚ್‌ಎಲ್‌ಎ ಗುರುತಿಸಿ, ಆಮೇಲೆ ತುಣುಕು ಓದಬೇಕು. ರಕ್ತ ಕೊಡುವವರ ಮುಂದೆ ಇಂಗ್ಲಿಷಿನ ಹನ್ನೆರಡು ಪುಟದ ಒಪ್ಪಿಗೆ ಪತ್ರ ಹಿಡಿಯುವ ಬದಲು, ಪಾವರಾ ಜನರ ಪಾವರಿ ನುಡಿಯಲ್ಲೇ ಕೂತು ವಿವರಿಸುವ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು.